ಗೇಟಿನೊಳಗೆ ಜಾಗವಿದೆ

ಮೈದಾನದ ಆಫೀಸು ಕೋಣೆ,
ತಾರೀಖು ಹದಿನಾಲ್ಕು, ಬುಧವಾರ ಬೆಳಗ್ಗೆ.

ಪ್ರೀತಿಯ ಮೇಷ್ಟ್ರೇ,

ಮದುವೆಯಾದ ಹೊಸದರಲ್ಲಿ ಕಾಗದ ಬರೆದರೆ ನಾನು ‘ಪೂಜ್ಯರೇ’ ಎಂದು ಶುರುಮಾಡುತ್ತಿದ್ದೆ. ನೀವು ಅದನ್ನು ಗೆಳೆಯರಿಗೆಲ್ಲ ತೋರಿಸಿ ನಗುತ್ತಿದ್ದಿರಿ. ಇಷ್ಟು ವರ್ಷವಾದ ಮೇಲೆ, ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮೇಷ್ಟ್ರು ನನಗೂ ಮೇಷ್ಟ್ರೇ. ಹೇಗಿದ್ದೀರಿ? ಅಕ್ಕನ ಮನೆಯ ಊಟ ರುಚಿಸುತ್ತಿದೆಯೆ? ಮಂಡಿಯ ಹೊಲಿಗೆ ಬಿಚ್ಚಿದ ಜಾಗದಲ್ಲಿ ಕಡಿತ ಎಂದಿದ್ದಿರಲ್ಲ, ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದೀರೋ, ಇಲ್ಲ ಅದೂ ಕಿಟಕಿಯ ಮೇಲೆ ಅಲಂಕಾರಕ್ಕೆ ಕೂತಿದೆಯೋ? ವ್ಯಾಯಾಮ ಮಾಡಿಸಲು ಬರುವ ಹುಡುಗಿಯ ಕಾಲಸಪ್ಪಳ ಕೇಳಿದ ಕೂಡಲೇ ನೀವು ಗೊರಕೆ ಶುರುಮಾಡುತ್ತೀರೆಂದು ಅತ್ತಿಗೆ ಹೇಳಿದರು. ನಿಮ್ಮ ಹತ್ತಿರ ಕಲಿಯಲು ಬಂದವರು ಹೀಗೆ ಮಾಡಿದ್ದರೆ ಬಿಡುತ್ತಿದ್ದಿರೇ? ನಾನು ಚೆನ್ನಾಗಿದ್ದೇನೆ. ಮನೆಯೂ ಚೆನ್ನಾಗಿದೆ. ಹಿಂದಿನ ಕೋಣೆಯ ಕಿಟಕಿಯ ಚಿಲಕ ನೀವಿಲ್ಲದಾಗಲೇ ಸರಿಹೋಯಿತು, ಬೇಜಾರು ಮಾಡಿಕೊಳ್ಳಬೇಡಿ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ‘ಮೈದಾನ’ ಎಂಬ ಮಾತೆತ್ತಿದರೆ ಸಾಕು, “ಆಮೇಲೆ ನೋಡೋಣ ಬಿಡು” ಎಂದು ಫೋನನ್ನು ಅಕ್ಕನ ಕೈಗೆ ದಾಟಿಸಿಬಿಡುತ್ತೀರಿ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲ. ಆದ್ದರಿಂದ ಕನ್ನಡಕ ಹಾಕಿಕೊಂಡು, ಕಾಲು ನೀಡಿಕೊಂಡು, ಪೂರ್ತಿ ಓದಿ. ಆಪರೇಷನ್ನಿಗೆ ಹೊರಡುವ ದಿನ ನೀವು ಇದೇ ಕೋಣೆಯ ಬಾಗಿಲಲ್ಲಿ ನಿಂತು, “ಕ್ಲಚ್ ಒತ್ತೋಕೆ ಕಾಲಿಲ್ಲದ ಮೇಷ್ಟ್ರಿಗೆ ಮೈದಾನ ಯಾಕೆ? ಗೋಡೌನ್ ಕಟ್ಟೋರು ಕೇಳ್ತಾನೇ ಇದಾರೆ, ವಾಪಸ್ ಬಂದ ಮೇಲೆ ಕೊಟ್ಟುಬಿಡೋಣ” ಎಂದಿರಿ. ಆಗ ಆಸ್ಪತ್ರೆಗೆ ಹೊರಟವರ ಜೊತೆ ವಾದ ಮಾಡಬಾರದೆಂದು ಬಾಯಿ ಮುಚ್ಚಿಕೊಂಡೆ, ಒಪ್ಪಿದೆನೆಂದಲ್ಲ. ನಿಮ್ಮ ಅಪ್ಪ ಕಲ್ಲು ಆರಿಸಿ ಮಟ್ಟ ಮಾಡಿದ ನೆಲ ಅದು. ನೀವು ಕೆಲಸ ಬಿಡುವುದು ಬೇರೆ, ನೆಲ ಬಿಡುವುದು ಬೇರೆ. ಆ ಎರಡನ್ನೂ ಒಂದೇ ಗಂಟು ಕಟ್ಟಿ ಎಸೆಯಲು ನನಗೆ ಮನಸ್ಸಾಗಲಿಲ್ಲ.

ನೀವು ಹೋದ ಮೇಲೆ ಪಾಠವೆಲ್ಲ ನಿಮ್ಮ ಅಳಿಯನ ಹೆಗಲಿಗೆ ಬಿತ್ತು. ಅವನ ವಿಷಯ ಅವನನ್ನು ಹೆತ್ತ ನಿಮ್ಮ ಅಕ್ಕನ ಎದುರು ಜೋರಾಗಿ ಓದಬೇಡಿ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ, ಆದರೆ ಮಧ್ಯಾಹ್ನದವರೆಗೆ ಕಲಿಯುವವರೇ ಬರುವುದಿಲ್ಲ. ಕೆಲಸಕ್ಕೆ ಹೋಗುವವರು ಸಂಜೆ ಬರುತ್ತಾರೆ, ಮನೆಯಲ್ಲಿರುವವರು ಊಟ ಮುಗಿಸಿ ಬರುತ್ತಾರೆ. ಬೆಳಗಿನ ಹೊತ್ತು ಅಷ್ಟು ದೊಡ್ಡ ಮೈದಾನದಲ್ಲಿ ಪಾಠದ ಬಿಳಿ ಕಾರು, ನಾನು, ಎರಡು ಗೊರವಂಕ ಹಕ್ಕಿಗಳು. ಹೀಗೆ ನೊಣ ಹೊಡೆಯುತ್ತ ಕೂತಿದ್ದ ಒಂದು ದಿನ ಹಸಿರು ಕಾರೊಂದು ಬಂದು ಸರಿಯಾಗಿ ನಮ್ಮ ಗೇಟಿಗೆ ಅಡ್ಡ ನಿಂತಿತು. ಅದರಿಂದ ಒಬ್ಬ ಹುಡುಗಿ ಇಳಿದು, ಹಿಂದಿನ ಸೀಟಿನಿಂದ ರಟ್ಟಿನಲ್ಲಿ ಮಾಡಿದ ಒಂದು ಕಟ್ಟಡವನ್ನು ಹೊರಗೆಳೆದಳು. ಮೂರಂತಸ್ತು, ಮೆಟ್ಟಿಲು, ಕಿಟಕಿ ಎಲ್ಲ ಇದ್ದ ಕಟ್ಟಡ. ಅವಳ ತಲೆಗಿಂತ ಎತ್ತರ. ಅದನ್ನು ಅಪ್ಪಿಕೊಂಡು ವಿಶ್ವವಿದ್ಯಾಲಯದ ಕಡೆ ಓಡಿಯೇಬಿಟ್ಟಳು. ನಾನು ಕೂಗಿದ್ದು ಕಟ್ಟಡಕ್ಕೆ ಕೇಳಿಸಿರಬೇಕು, ಅವಳಿಗೆ ಕೇಳಿಸಲಿಲ್ಲ.

ನಿಮ್ಮ ಅಳಿಯ ಕೆಂಡವಾದ. ಅಂದು ಮಧ್ಯಾಹ್ನದ ಮೊದಲ ಪಾಠಕ್ಕೆ ನಮ್ಮ ಕಾರು ಹೊರಗೇ ಹೋಗಲಾಗಲಿಲ್ಲ. ಹುಡುಗಿ ವಾಪಸ್ಸು ಬಂದಾಗ ನಾವಿಬ್ಬರೂ ಬಯ್ಯಲು ಸಿದ್ಧವಾಗಿ ಗೇಟಿನಲ್ಲಿ ನಿಂತಿದ್ದೆವು. ಅವಳು ಬಂದವಳೇ, “ಬಯ್ಯಿರಿ ಆಂಟಿ, ತಪ್ಪು ನಂದೇ. ಆದ್ರೆ ಇಡೀ ಬೀದಿ ಸುತ್ತಿದೆ, ಎಲ್ಲೂ ಜಾಗ ಇಲ್ಲ. ಒಳಗಿನ ಪಾರ್ಕಿಂಗು ಪ್ರೊಫೆಸರ್‌ಗಳಿಗೆ, ಉಳಿದಿದ್ದು ಮೊದಲು ಬಂದವರಿಗೆ, ಆ ದೊಡ್ಡ ಕಟ್ಟಡದ ಪಾರ್ಕಿಂಗು ಆಫೀಸಿನವರಿಗೆ. ಇದನ್ನ ಹಿಡ್ಕೊಂಡು ಕೆರೆ ಹತ್ತಿರದಿಂದ ನಡೆದ್ರೆ ಗಾಳಿಗೆ ಹಾರಿಹೋಗುತ್ತೆ” ಎಂದು ಒಂದೇ ಉಸಿರಿಗೆ ಹೇಳಿದಳು. ಕಟ್ಟಡ ವಿನ್ಯಾಸ ಓದುವ ಹುಡುಗಿಯಂತೆ. ಕಾರು ಅವಳದಲ್ಲ, ಅಣ್ಣನದು. ತಪ್ಪನ್ನು ಮೊದಲೇ ಒಪ್ಪಿಕೊಂಡವರಿಗೆ ಬಯ್ಯುವುದು ಹೇಗೆ? ಅವಳು ಹೋದ ಮೇಲೆ ನಾನು ತಿರುಗಿ ನೋಡಿದೆ. ಗೇಟಿನ ಹೊರಗೆ ಬೀದಿಯ ಎರಡೂ ಬದಿ ಉಸಿರಾಡಲು ಜಾಗವಿಲ್ಲದಂತೆ ಕಾರು, ಸ್ಕೂಟರು; ಗೇಟಿನ ಒಳಗೆ ಬರಿದೋ ಬರಿದು. ಇಷ್ಟು ದಿನ ಇದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎನ್ನಿಸಿತು.

“ಬೆಳಗ್ಗೆ ಹುಡುಗರಿಗೆ ಗಾಡಿ ನಿಲ್ಲಿಸೋಕೆ ಕೊಡೋಣ, ಕಡಿಮೆ ದರಕ್ಕೆ” ಎಂದೆ. “ಅತ್ತೆ, ಇದು ಡ್ರೈವಿಂಗ್ ಸ್ಕೂಲು, ಬಸ್ ಸ್ಟ್ಯಾಂಡ್ ಅಲ್ಲ” ಎಂದ. “ಕಡಿಮೆಗೆ ಕೊಟ್ರೆ ಏನು ಉಳಿಯುತ್ತೆ?” ಎಂದೂ ಕೇಳಿದ. “ಈಗ ಗೊರವಂಕಗಳು ಏನು ಕೊಡ್ತಿವೆ?” ಎಂದೆ. ಆದರೆ ನಾನೂ ಕಣ್ಣು ಮುಚ್ಚಿಕೊಂಡು ಹಾರಲಿಲ್ಲ, ಮೇಷ್ಟ್ರೇ. ಮೊದಲು ಕೇಳಿ ನೋಡೋಣ ಎಂದು ವಿಶ್ವವಿದ್ಯಾಲಯದ ಕ್ಯಾಂಟೀನಿಗೆ ಹೋಗಿ, ಒಂದು ಕಾಫಿ ಹಿಡಿದುಕೊಂಡು ಮೇಜಿನಿಂದ ಮೇಜಿಗೆ ಓಡಾಡಿದೆ. “ಹತ್ತಿರದಲ್ಲೇ ಜಾಗ ಇದೆ, ಅಗ್ಗ, ಬರ್ತೀರಾ?” ಎಲ್ಲರೂ “ಖಂಡಿತ ಬರ್ತೀವಿ ಆಂಟಿ”, “ಎಷ್ಟು ಒಳ್ಳೇ ಯೋಚನೆ ಆಂಟಿ” ಎಂದರು. ಒಬ್ಬನಂತೂ ಎದ್ದು ನಿಂತು ಕೈ ಕುಲುಕಿದ. ನಾನು ನೆಲದ ಮೇಲೆ ಕಾಲಿಡದೆ ಮನೆಗೆ ಬಂದೆ. ನಿಮ್ಮ ಅಳಿಯನಿಂದ ‘ಗೇಟಿನೊಳಗೆ ಜಾಗವಿದೆ’ ಎಂದು ಬೋರ್ಡು ಬರೆಸಿ, ತಿಂಗಳ ದರ ಅದರ ಕೆಳಗೆ ಬರೆಸಿ, ಸೋಮವಾರ ಮುಂಜಾನೆ ಗೇಟು ತೆರೆದು ಕುರ್ಚಿ ಹಾಕಿಕೊಂಡು ಕೂತೆ.

ಯಾರೂ ಬರಲಿಲ್ಲ. ಬೋರ್ಡು ಓದಿದವರು ಓದಿ ಹೋದರು. ಒಬ್ಬ ಮುದುಕರು ಬಂದು ಬಸ್ಸು ಇಲ್ಲಿ ನಿಲ್ಲುತ್ತದೆಯೇ ಎಂದು ಕೇಳಿದರು. ಮಂಗಳವಾರ ಒಂದು ಕಾರು ಒಳಗೆ ಬಂತು; ನಾನು ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ತಿರುಗಿಸಿಕೊಂಡು ಹೊರಗೆ ಹೋಯಿತು. ಕೈ ಕುಲುಕಿದ್ದ ಆ ಹುಡುಗ ನನ್ನ ಕಣ್ಣೆದುರೇ ಆಚೆ ಮನೆಯವರ ಗೇಟಿಗೆ ಅಡ್ಡ ನಿಲ್ಲಿಸಿ, ನನಗೆ ಕೈಬೀಸಿ ಹೋದ. ಮಾತಿಗೇನು ಸುಂಕವೇ? ನಿಮ್ಮ ಅಳಿಯ ಒರೆಸಿದ ಬಿಳಿ ಕಾರನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಅವನು ಬಯ್ದಿದ್ದರೆ ವಾಸಿಯಿತ್ತು. ಒಂದೆರಡು ದಿನ ನನಗೂ ಗೋಡೌನಿನ ಗೋಡೆಗಳು ಕಣ್ಣಿಗೆ ಕಟ್ಟಿದವು, ಸುಳ್ಳೇಕೆ ಹೇಳಲಿ.

ಆಮೇಲೆ ನಿಮ್ಮದೇ ಮಾತು ನೆನಪಾಯಿತು. ಹೊಸಬರು ಗಾಡಿಯನ್ನು ಗೋಡೆಗೆ ತಾಗಿಸಿದರೆ ನೀವು ಗೋಡೆಯನ್ನೂ ಬಯ್ಯುವುದಿಲ್ಲ, ಗಾಡಿಯನ್ನೂ ಬಯ್ಯುವುದಿಲ್ಲ, “ತಾಗೋಕೆ ಮುಂಚೆ ಎಲ್ಲಿ ನೋಡ್ತಿದ್ರಿ?” ಎಂದು ಕೇಳುತ್ತೀರಿ. ನಾನು ನೋಡಿದ್ದು ಅವರ ಬಾಯನ್ನು. ನೋಡಬೇಕಾದದ್ದು ಗಾಡಿಯನ್ನು. ಮಾರನೆಯ ಬೆಳಗ್ಗೆ ಕ್ಯಾಂಟೀನಿಗೆ ಹೋಗಲಿಲ್ಲ, ಬೀದಿಯಲ್ಲಿ ನಿಂತೆ. ಗಾಡಿಯಿಂದ ಇಳಿದವರನ್ನು, “ಬರ್ತೀರಾ?” ಎಂದು ಕೇಳಲಿಲ್ಲ. “ಇವತ್ತು ಇಲ್ಲೇ ಯಾಕೆ ನಿಲ್ಲಿಸಿದ್ರಿ?” ಎಂದು ಮಾತ್ರ ಕೇಳಿದೆ. ಅಬ್ಬಾ, ಎಷ್ಟು ಬೇರೆ ಉತ್ತರ ಬಂತು ಗೊತ್ತೇ? ಮಧ್ಯಾಹ್ನ ಪಾಠ ಶುರುವಾದಾಗ ಗೇಟು ಮುಚ್ಚುತ್ತಾರೆ, ಗಾಡಿ ಒಳಗೇ ಸಿಕ್ಕಿಕೊಂಡರೆ ಏನು ಗತಿ ಎಂದು ಒಬ್ಬಳು. ತಿಂಗಳಿಗೆಲ್ಲ ಒಟ್ಟಿಗೆ ಕೊಡಲು ಕೈಯಲ್ಲಿರುವುದಿಲ್ಲ, ದಿನದ ದಿನ ಆದರೆ ಆದೀತು ಎಂದು ಇನ್ನೊಬ್ಬ. ಮತ್ತೊಬ್ಬ ತಲೆ ಕೆರೆದುಕೊಂಡು, “ಕಲಿಯೋರು ಓಡಿಸೋ ಜಾಗದಲ್ಲಿ ನಮ್ಮ ಗಾಡಿ ಬಿಡೋದಾ? ಹುಲಿ ಬೋನಲ್ಲಿ ಕುರಿ ಕಟ್ಟಿದ ಹಾಗೆ” ಎಂದ. ಇವೆಲ್ಲ ಕ್ಯಾಂಟೀನಿನಲ್ಲಿ ಯಾಕೆ ಹೇಳಲಿಲ್ಲವೋ. ಕಾಫಿ ಹಿಡಿದು ಬಂದ ಹೆಂಗಸನ್ನು ನೋಯಿಸಬಾರದೆಂದು ಇರಬೇಕು, ಒಳ್ಳೆಯ ಮಕ್ಕಳೇ.

ತಿಂಗಳ ದರ ಅಳಿಸಿ ದಿನದ ದರ ಬರೆಸಿದೆ. ಅವರ ಕ್ಯಾಂಟೀನಿನ ಕಾಫಿಗಿಂತ ಒಂದು ಗುಟುಕು ಕಡಿಮೆ ಎನ್ನುವಷ್ಟು. ಗೇಟು ಕತ್ತಲಾಗುವವರೆಗೆ ಮುಚ್ಚುವುದಿಲ್ಲವೆಂದು ಅದರ ಕೆಳಗೆ ಬರೆಸಿದೆ. ಅದಕ್ಕೆ ಮೈದಾನವನ್ನು ಪಾಲು ಮಾಡಬೇಕಾಯಿತು. ಬೇವಿನ ಮರದ ಕಡೆ ವಿದ್ಯಾರ್ಥಿಗಳಿಗೆ, ಆಫೀಸಿನ ಕಡೆ ಕಲಿಯುವವರಿಗೆ, ನಡುವೆ ಸುಣ್ಣದ ಗೆರೆ. ರಿವರ್ಸ್ ಕಲಿಸುವ ಜಾಗ ಅರ್ಧವಾಯಿತೆಂದು ನಿಮ್ಮ ಅಳಿಯ ಎರಡು ದಿನ ನನ್ನ ಜೊತೆ ಊಟ ಮಾಡಲಿಲ್ಲ. ಮೂರನೆಯ ದಿನ ಹಸಿವಾಯಿತು, ಬಂದ. ಮೊದಲು ಬಂದವಳು ಆ ರಟ್ಟಿನ ಕಟ್ಟಡದ ಹುಡುಗಿಯೇ. ಅವಳ ಹಿಂದೆ ಒಬ್ಬ ಹಳೆಯ ವ್ಯಾನಿನವನು. ರಾತ್ರಿ ಬೇಕರಿಯಲ್ಲಿ ಕೆಲಸ ಮಾಡಿ ನೇರ ಇಲ್ಲಿಗೆ ಬಂದು, ತನ್ನ ಮಧ್ಯಾಹ್ನದ ಕ್ಲಾಸು ಶುರುವಾಗುವವರೆಗೆ ವ್ಯಾನಿನಲ್ಲೇ ಮಲಗುತ್ತಾನೆ. ನಾನು ಅವನಿಗೆ ನಿದ್ದೆರಾಯ ಎಂದು ಹೆಸರಿಟ್ಟಿದ್ದೇನೆ. ಕ್ಲಾಸಿನ ಹೊತ್ತಿಗೆ ಕಿಟಕಿ ಬಡಿದು ಎಬ್ಬಿಸುವುದೂ ನನ್ನ ಕೆಲಸವಾಗಿದೆ. ಅದಕ್ಕೆ ಬೇರೆ ದರವಿಲ್ಲ. ವಾರ ಕಳೆಯುವಷ್ಟರಲ್ಲಿ ಬೇವಿನ ಕೆಳಗೆ ಒಂದು ಸಾಲು ತುಂಬಿತು. ನನಗೆ ರೆಕ್ಕೆ ಬಂತು. ರೆಕ್ಕೆ ಬಂದಾಗಲೇ ಅಲ್ಲವೇ ಬೀಳುವುದು.

ನಿಮ್ಮ ಶಿಷ್ಯೆ ಹಲ್ಲಿನ ಡಾಕ್ಟರನ್ನು ನೆನಪಿದೆಯೆ? ನೀವು ಹೋಗುವ ಮುಂಚೆ ಸೇರಿದವರು, ಸ್ಟಿಯರಿಂಗನ್ನು ಹಿಡಿದರೆ ಬಿಡಿಸಲು ಇಬ್ಬರು ಬೇಕು. ಅಂದು ಆಸ್ಪತ್ರೆಗೆ ರಜೆ ಎಂದು ಊಟಕ್ಕೆ ಮುಂಚೆಯೇ ಪಾಠಕ್ಕೆ ಬಂದಿದ್ದರು. ರಿವರ್ಸ್ ಪಾಠ. ನಿಮ್ಮ ಅಳಿಯ “ಬ್ರೇಕ್, ಬ್ರೇಕ್” ಎನ್ನುತ್ತ ತನ್ನ ಬ್ರೇಕ್ ಒತ್ತುವಷ್ಟರಲ್ಲಿ ಸುಣ್ಣದ ಗೆರೆ ದಾಟಿಯಾಗಿತ್ತು. ಬಾಯಿಯೊಳಗೆ ಕೂದಲೆಳೆಯಷ್ಟು ಜಾಗದಲ್ಲಿ ಕೈಯಾಡಿಸುವ ಹೆಂಗಸು, ಅಷ್ಟು ದೊಡ್ಡ ಮೈದಾನದಲ್ಲಿ ಆ ಹಸಿರು ಕಾರನ್ನೇ ಹುಡುಕಿಕೊಂಡು ಹೋಗಿ ಹಿಂದಿನಿಂದ ಗುದ್ದಿದರು. ಡಿಕ್ಕಿಯ ಬಾಗಿಲು ಒಳಗೆ ತಗ್ಗಾಯಿತು. ಯಾರಿಗೂ ಏನೂ ಆಗಲಿಲ್ಲ. ಪಕ್ಕದ ವ್ಯಾನಿನಲ್ಲಿ ನಿದ್ದೆರಾಯನಿಗೆ ಎಚ್ಚರವೂ ಆಗಲಿಲ್ಲ. ತಗಡು ತಾನೇ, ಬಡಿಸಿದರಾಯಿತು ಎಂದು ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿರುವಾಗ ಹುಡುಗಿ ಗೇಟಿನಲ್ಲಿ ಕಾಣಿಸಿದಳು. ಅಂದು ಮಧ್ಯಾಹ್ನ ಅವಳ ವರ್ಷದ ಕೆಲಸದ ಪರೀಕ್ಷೆ. ಹೊಸ ಕಟ್ಟಡ, ಮೊದಲಿನದಕ್ಕಿಂತ ದೊಡ್ಡದು, ಅದೇ ಡಿಕ್ಕಿಯಲ್ಲಿತ್ತು.

ನಿಮ್ಮ ಅಳಿಯ ಬಾಗಿಲನ್ನು ಎಳೆದು ತೆರೆದಾಗ ಒಳಗೆ ಒಂದು ಬದಿ ಪೂರ್ತಿ ಕುಸಿದಿತ್ತು. ಹುಡುಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಿಮ್ಮ ಅಳಿಯ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, “ಅತ್ತೆ, ಗಾಡಿ ಸ್ವಲ್ಪ ಗೆರೆ ತುಳಿದಿತ್ತು ಅಂದ್ರೆ ಆಯ್ತು. ಇಲ್ದಿದ್ರೆ ನಾವು ಮುಳುಗ್ತೀವಿ” ಎಂದ. ಅವನು ಕೆಟ್ಟವನಲ್ಲ, ಹೆದರಿದ್ದ. ನಾನೂ ಒಮ್ಮೆ ಗೆರೆಯತ್ತ ನೋಡಿದೆ. ಕಾರಿನ ಚಕ್ರ ಗೆರೆಯಿಂದ ಒಂದು ಮೊಳ ಒಳಗಿತ್ತು. ಇನ್ನೇನಿದೆ ಹೇಳಲು? ಹೋಗಿ ಅವಳ ಎದುರು ಕೂತು, “ತಪ್ಪು ನಮ್ಮದು ಮಗು. ಗಾಡಿ ರಿಪೇರಿ ನಮ್ಮದು. ಪರೀಕ್ಷೆ ಎಷ್ಟು ಹೊತ್ತಿಗೆ?” ಎಂದೆ. ಅವಳು ಹೊತ್ತು ಹೇಳಿದಳು. ಊಟಕ್ಕೆ ಸಾಕಾಗುವಷ್ಟು ಸಮಯ, ಕಟ್ಟಡ ಕಟ್ಟಲು ಸಾಕಾಗುವಷ್ಟಲ್ಲ.

ಆಗ ಹಲ್ಲಿನ ಡಾಕ್ಟರು, ಅಲ್ಲಿಯವರೆಗೆ ನಮ್ಮ ಕಾರಿನ ಪಕ್ಕದಲ್ಲಿ ಬಿಳುಚಿಕೊಂಡು ನಿಂತಿದ್ದವರು, “ಅಂಟು ಇದೆಯಾ? ಸಣ್ಣ ಕತ್ತರಿ ಇದೆಯಾ?” ಎಂದು ಕೇಳಿದರು. ತಮ್ಮ ಚೀಲದಿಂದ ಇಕ್ಕಳ ತೆಗೆದರು. ಅವರ ಚೀಲದಲ್ಲಿ ಇಕ್ಕಳ ಯಾವಾಗಲೂ ಇರುತ್ತದಂತೆ, ನಾವು ಪರ್ಸು ಇಟ್ಟುಕೊಂಡ ಹಾಗೆ. ನಿಮ್ಮ ಮೇಜಿನ ಮೇಲಿದ್ದುದನ್ನೆಲ್ಲ ನಾನು ನೆಲಕ್ಕೆ ಸರಿಸಿದೆ. ಮಧ್ಯಾಹ್ನದ ಪಾಠಗಳನ್ನು ನಿಮ್ಮ ಅಳಿಯ ಫೋನಿನಲ್ಲೇ ರದ್ದು ಮಾಡಿದ. ಹುಡುಗಿ ಹೇಳುತ್ತ ಹೋದಳು, ಡಾಕ್ಟರು ಜೋಡಿಸುತ್ತ ಹೋದರು. ಸ್ಟಿಯರಿಂಗನ್ನು ಹಿಡಿದರೆ ಬಿಡದ ಅದೇ ಕೈ, ಬೆಂಕಿಕಡ್ಡಿಯಷ್ಟು ದಪ್ಪದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಕೂರಿಸುವಾಗ ಸ್ವಲ್ಪವೂ ಅಲುಗಲಿಲ್ಲ. ನಾನು ರಟ್ಟು ಕತ್ತರಿಸಿದೆ. ನಿಮ್ಮ ಹಳೆಯ ಅಂಗಿಗಳ ಪೆಟ್ಟಿಗೆ ಇನ್ನು ಪೆಟ್ಟಿಗೆಯಾಗಿ ಉಳಿದಿಲ್ಲ, ತಿಳಿದಿರಲಿ. ನಿಮ್ಮ ಅಳಿಯನಿಗೆ ಅಂಟು ಆರುವವರೆಗೆ ಗೋಡೆ ಹಿಡಿದುಕೊಂಡು ನಿಲ್ಲುವ ಕೆಲಸ. ಯಾರೋ ಏನೋ ತಮಾಷೆ ಮಾಡಿದರು, ಅವನು ನಕ್ಕ, ಗೋಡೆ ಅಲುಗಿತು, ಎಲ್ಲರೂ ಅವನನ್ನು ಬಯ್ದರು. ಹುಡುಗಿಯ ಮುಖದಲ್ಲಿ ಆಗಲೇ ಮೊದಲು ಕಳೆ ಕಾಣಿಸಿಕೊಂಡದ್ದು. ಹೊತ್ತಾದಾಗ ಡಿಕ್ಕಿ ಮುಚ್ಚುತ್ತಿರಲಿಲ್ಲ. ನಿದ್ದೆರಾಯನ ಕಿಟಕಿ ಬಡಿದು ಎಬ್ಬಿಸಿದೆ. ಬ್ರೆಡ್ಡಿನ ತಟ್ಟೆಗಳನ್ನಿಡುವ ಅವನ ವ್ಯಾನಿನಲ್ಲಿ ಕಟ್ಟಡ ಮದುಮಗಳಂತೆ ಕೂತು ಹೋಯಿತು.

ಹುಡುಗಿ ಪಾಸಾದಳು. ಆದರೆ ಮೇಲಿನ ಮೆಟ್ಟಿಲು ಡೊಂಕಾಗಿದೆ ಎಂದು ಅಂಕ ಕಡಿಮೆ ಮಾಡಿದರಂತೆ. ಅದು ನಿಮ್ಮ ಅಳಿಯ ನಕ್ಕ ಹೊತ್ತಿನ ಮೆಟ್ಟಿಲು.

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಮಾರನೆಯ ದಿನ ಬೇವಿನ ಕೆಳಗೆ ವ್ಯಾನೊಂದೇ. ಸುದ್ದಿಗೆ ಕಾಲಿಲ್ಲದಿದ್ದರೂ ಓಡುತ್ತದೆ. ‘ಆಂಟಿ ಮೈದಾನದಲ್ಲಿ ಗುದ್ದುತ್ತಾರೆ’ ಎಂಬಷ್ಟು ಮಾತ್ರ ಓಡಿತ್ತು, ಮುಂದಿನದು ಇನ್ನೂ ಹೊರಟಿರಲಿಲ್ಲ. ನಾನು ಕೂತು ಯೋಚಿಸಿದೆ. ಹುಲಿ ಬೋನಿನ ಮಾತನ್ನು ಆ ಹುಡುಗ ನನಗೆ ಮೊದಲೇ ಹೇಳಿದ್ದ. ನಾನು ಸುಣ್ಣದ ಗೆರೆ ಎಳೆದು ಉತ್ತರ ಕೊಟ್ಟೆನೆಂದುಕೊಂಡಿದ್ದೆ. ಗೆರೆ ಕಣ್ಣಿಗೆ ಕಾಣುತ್ತದೆ, ಗಾಡಿಯನ್ನು ತಡೆಯುವುದಿಲ್ಲ. ಶೆಡ್ಡಿನ ಹಿಂದೆ ನೀವು ‘ಎಂದಾದರೂ ಬೇಕಾಗುತ್ತೆ’ ಎಂದು ರಾಶಿ ಹಾಕಿದ್ದ ಹಳೆಯ ಟಯರುಗಳಿದ್ದವಲ್ಲ, ಅವನ್ನೆಲ್ಲ ನಾನೂ ನಿಮ್ಮ ಅಳಿಯನೂ ಉರುಳಿಸಿಕೊಂಡು ಬಂದು ಗೆರೆಯುದ್ದಕ್ಕೂ ಎರಡೆರಡು ಪೇರಿಸಿ, ಒಳಗೆ ಮಣ್ಣು ತುಂಬಿಸಿ, ಬಿಳಿ ಬಣ್ಣ ಬಳಿದೆವು. ಸೊಂಟ ಬಿದ್ದುಹೋಯಿತು. ಆದರೆ ಈಗ ಹಲ್ಲಿನ ಡಾಕ್ಟರು ಕಣ್ಣು ಮುಚ್ಚಿಕೊಂಡು ಬಂದರೂ ಆಚೆ ದಾಟಲಾರರು. ಅವರೇ ಮೊದಲು ಬಂದು ಪರೀಕ್ಷೆ ಮಾಡಿಕೊಟ್ಟರು, ಮನಸ್ಸಿಲ್ಲದೆಯೇ.

ಬಣ್ಣ ಆರುವ ಮೊದಲೇ ಹುಡುಗಿಯ ಅಣ್ಣ ಬಂದ. ಎತ್ತರದ ಆಳು, ಮೂಗಿನ ತುದಿಯಲ್ಲಿ ಸಿಟ್ಟು. ಬೀದಿಗೆಲ್ಲ ಕೇಳುವಂತೆ ಕೂಗಿದ. ನಾನು ಕುರ್ಚಿ ಕೊಟ್ಟೆ, ಕೂರಲಿಲ್ಲ. ನೀರು ಕೊಟ್ಟೆ, ಕುಡಿದ. ನೀರು ಕುಡಿಯುವಾಗ ಕೂಗಲು ಬರುವುದಿಲ್ಲ ನೋಡಿ. ಆ ಹೊತ್ತಿಗೆ ಟಯರಿನ ಸಾಲು ಅವನ ಕಣ್ಣಿಗೆ ಬಿತ್ತು. ಕಾಲಿನಿಂದ ಒಂದನ್ನು ಒದ್ದು ನೋಡಿದ, ಅಲುಗಲಿಲ್ಲ. “ಇದನ್ನ ಮೊದಲೇ ಇಡೋಕೆ ಏನಾಗಿತ್ತು?” ಎಂದ. “ಮೊದಲೇ ಗೊತ್ತಿದ್ದಿದ್ರೆ ಇಡ್ತಿದ್ದೆ ಅಪ್ಪಾ. ಗೊತ್ತಿರ್ಲಿಲ್ಲ ಅಂತಲೇ ಮಾಡಿ ನೋಡ್ತಿರೋದು. ನಿನ್ನ ಗಾಡಿಗೆ ಪೆಟ್ಟು ಬಿದ್ದು ನಾನು ಕಲಿತೆ, ಅದು ನ್ಯಾಯ ಅಲ್ಲ, ಅದಕ್ಕೇ ರಿಪೇರಿ ನಂದು” ಎಂದೆ. ಅವನು ಆಮೇಲೆ ಕುರ್ಚಿಯಲ್ಲಿ ಕೂತ. ನಮ್ಮ ಮೆಕ್ಯಾನಿಕ್ ತಗಡು ಬಡಿದು ಬಣ್ಣ ಹಾಕಿ ಕೊಟ್ಟಾಗ, ಗುದ್ದಿದ್ದು ಯಾವ ಕಡೆ ಎಂದು ಅವನೇ ಹುಡುಕಬೇಕಾಯಿತು. ಮುಂದಿನ ಸೋಮವಾರ ಹಸಿರು ಕಾರು ಬಂತು. ನಾನು ಕರೆದಿರಲಿಲ್ಲ. ಹುಡುಗಿ ಇಳಿದು, ಏನೂ ಆಗಿಲ್ಲವೆಂಬಂತೆ, “ಬೇವಿನ ಎಲೆ ಗಾಜಿನ ಮೇಲೆ ಬೀಳುತ್ತೆ ಆಂಟಿ, ನೋಡಿ” ಎಂದು ದೂರು ಹೇಳಿ ಹೋದಳು. ದೂರು ಕೇಳಿ ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಈಗ ನನಗೆ ಗೊತ್ತಾದದ್ದು ಇಷ್ಟು, ಮೇಷ್ಟ್ರೇ. ಬರುತ್ತೇನೆ ಎಂದವರು ಗಿರಾಕಿಯಲ್ಲ. ಒಂದು ಸಲ ಬಂದವರೂ ಗಿರಾಕಿಯಲ್ಲ, ಬಗ್ಗಿ ನೋಡಿ ಹೋಗುವವರು. ಕರೆಯದೆ ಎರಡನೆಯ ಸಲ ಬಂದವರೇ ಗಿರಾಕಿ. ಬೇವಿನ ಕೆಳಗಿನ ಸಾಲು ಈಗ ಅಂಥವರಿಂದಲೇ ತುಂಬಿದೆ, ಅದರ ಹಿಂದೆ ಇನ್ನೊಂದು ಸಾಲು ಶುರುವಾಗಿದೆ. ಕೈ ಕುಲುಕಿದ ಆ ಮಹಾರಾಯನೂ ಬಂದಿದ್ದಾನೆ, ಆಚೆ ಮನೆಯವರು ಅವನ ಗಾಡಿಯ ಗಾಳಿ ತೆಗೆದ ಮೇಲೆ. ಬೀದಿಯವರಿಗೂ ಉಸಿರು ಬಂದಿದೆ. ಇಷ್ಟು ದಿನ ನಮ್ಮ ಹಾರ್ನ್ ಸದ್ದಿಗೆ ಮುಖ ಸಿಂಡರಿಸುತ್ತಿದ್ದ ಎದುರು ಮನೆಯಾಕೆ ಮೊನ್ನೆ ತಾನಾಗಿ ಮಾತಾಡಿಸಿದಳು. ಪರೀಕ್ಷೆ ಮುಗಿದು ರಜೆ ಬಂದರೆ ಎಲ್ಲ ಖಾಲಿಯಾಗುತ್ತದೆ, ಅದೂ ಗೊತ್ತು, ನನ್ನ ಕಣ್ಣಿಗೆ ಪೊರೆ ಬಂದಿಲ್ಲ. ಆದರೆ ಗಾಡಿಯಿಲ್ಲದ ಅವರ ಗೆಳೆಯರು ಗೇಟಿನಲ್ಲಿ ನಿಂತು ಪಾಠ ನೋಡುತ್ತಾರೆ, ರಜೆಯಲ್ಲಿ ಕಲಿಯಲು ಹೆಸರು ಹೇಳಿ ಹೋಗಿದ್ದಾರೆ. ಅಂದರೆ ಪಾಠದ ದಿನಗಳಲ್ಲಿ ಬೆಳಗಿನ ಹೊತ್ತು ಗಾಡಿಗೆ, ರಜೆಯಲ್ಲಿ ಪೂರ್ತಿ ಮೈದಾನ ಕಲಿಯುವವರಿಗೆ. ಇದು ಒಂದು ಸಂಸಾರಕ್ಕೆ ಸಾಲುತ್ತದೆ. ಅರಮನೆ ಕಟ್ಟಲು ಸಾಲುವುದಿಲ್ಲ. ನಮಗೆ ಅರಮನೆ ಒರೆಸಲು ಯಾರಿದ್ದಾರೆ? ನಿಮ್ಮ ಅಳಿಯ ಈಗಲೂ ಮೂಗು ಮುರಿಯುತ್ತಾನೆ, ಆದರೆ ಗಾಡಿಗಳ ನಡುವಿನ ಗೆರೆ ಎಳೆಯಲು ಮಾತ್ರ ನನ್ನನ್ನು ಬಿಡುವುದಿಲ್ಲ, ನಾನು ಎಳೆದರೆ ಹಾವು ಹರಿದಂತೆ ಇರುತ್ತದಂತೆ.

ಗೋಡೌನಿನವರು ಶುಕ್ರವಾರ ಬರುವುದಾಗಿ ಹೇಳಿ ಕಳಿಸಿದ್ದಾರೆ. ನಾನು ಅವರಿಗೆ ಕಾಫಿ ಕೊಟ್ಟು, ಇಲ್ಲ ಎಂದು ಹೇಳಿ ಕಳಿಸುವವಳಿದ್ದೇನೆ. ಇದು ನಿಮ್ಮ ಅಪ್ಪನ ನೆಲ, ನಿಮ್ಮ ಹೆಸರಿನಲ್ಲಿರುವುದು. ಬೇಡ ಎನ್ನುವ ಅಧಿಕಾರ ನಿಮಗಿದೆ. ಬೇಡವೆಂದರೆ ಶುಕ್ರವಾರದೊಳಗೆ ಫೋನು ಮಾಡಿ, ಅಕ್ಕನ ಕೈಗೆ ಕೊಡದೆ ನೀವೇ ಹೇಳಿ. ಫೋನು ಬರದಿದ್ದರೆ ಒಪ್ಪಿದಿರಿ ಎಂದೇ ತಿಳಿಯುತ್ತೇನೆ. ಇಷ್ಟು ವರ್ಷ ನೀವು ಸುಮ್ಮನಿದ್ದಾಗಲೆಲ್ಲ ಹಾಗೆಯೇ ತಿಳಿದಿದ್ದೇನೆ, ಒಮ್ಮೆಯೂ ಲೆಕ್ಕ ತಪ್ಪಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ. ಅವರ ಮಗ ಸೊರಗಿಲ್ಲವೆಂದು ಹೇಳಿ. ವ್ಯಾಯಾಮದ ಹುಡುಗಿಗೆ ನನ್ನ ಪರವಾಗಿ ಕ್ಷಮೆ ಕೇಳಿ. ಸಂಜೆ ಹೊರಗೆ ಕೂರುವಾಗ ಕಿವಿಗೆ ಬಟ್ಟೆ ಸುತ್ತಿಕೊಳ್ಳಿ. ನಿಮ್ಮನ್ನು ಕೇಳಿದವರ ಹೆಸರು ಬರೆಯುತ್ತ ಹೋದರೆ ಇನ್ನೊಂದು ಹಾಳೆ ಬೇಕು. ಊರೆಲ್ಲ ಕೇಳಿತು ಎಂದುಕೊಳ್ಳಿ.

ಕುಶಲವಾಗಿರಿ, ಹಟ ಕಡಿಮೆ ಮಾಡಿ.
ನಿಮ್ಮ ಮನೆಯಾಕೆ

ತಾ.ಕ.: ನಿಮ್ಮ ಅಳಿಯ ನಾಳೆಯೇ ತಲುಪುವಂತೆ ಸ್ಪೀಡ್ ಪೋಸ್ಟಿಗೆ ಹಾಕಲು ಬಾಗಿಲಲ್ಲಿ ಕಾಲು ಕುಣಿಸುತ್ತ ನಿಂತಿದ್ದಾನೆ, ಆದ್ದರಿಂದ ಬೇಗ ಬೇಗ. ಊರಿಗೆಲ್ಲ ಕಲಿಸಿದಿರಿ, ನಾನು ಕೇಳಿದಾಗ ಮಾತ್ರ “ನಿನಗ್ಯಾಕೆ, ನಾನಿದೀನಲ್ಲ” ಎಂದಿರಿ. ಬೇವಿನ ಕೆಳಗೆ ಗಾಡಿಗಳನ್ನು ಸರಿಸಲು ದಿನಾ ಇನ್ನೊಬ್ಬರನ್ನು ಕರೆಯುವುದು ಬೇಜಾರಾಗಿ ಸಂಜೆ ಹೊತ್ತು ಅಳಿಯನ ಹತ್ತಿರ ಕಲಿತೆ. ಕಳೆದ ವಾರ ಲೈಸೆನ್ಸ್ ಬಂತು, ಒಂದೇ ಸಲಕ್ಕೆ. ಮಂಡಿಯ ಡಾಕ್ಟರು ಮನೆಗೆ ಹೋಗಬಹುದು ಎಂದು ಯಾವಾಗಲೋ ಹೇಳಿಯಾಗಿದೆ, ನೀವೇ ಇನ್ನೊಂದು ವಾರ, ಇನ್ನೊಂದು ವಾರ ಎನ್ನುತ್ತಿದ್ದೀರೆಂದು ಅತ್ತಿಗೆ ಹೇಳಿದರು. ಅವರನ್ನು ಬಯ್ಯಬೇಡಿ, ನಾನು ಬಿಡದೆ ಕೇಳಿದೆ. ಭಾನುವಾರ ಬೆಳಗ್ಗೆ ನಾನೇ ಗಾಡಿ ಓಡಿಸಿಕೊಂಡು ಬರುತ್ತೇನೆ. ಚೀಲ ಕಟ್ಟಿಕೊಂಡು ಬಾಗಿಲಲ್ಲಿರಿ. ದಾರಿಯುದ್ದಕ್ಕೂ ನನ್ನ ಗೇರಿನಲ್ಲಿ ತಪ್ಪು ಹುಡುಕಬಹುದು, ನಾನೇನೂ ಅಂದುಕೊಳ್ಳುವುದಿಲ್ಲ. ಕ್ಲಚ್ ನಾನು ಒತ್ತುತ್ತೇನೆ, ನೀವು ಪಕ್ಕದಲ್ಲಿ ಕೂತರೆ ಸಾಕು.